ಅಪ್‌ಡೇಟ್ ಬಟನ್ ಒತ್ತೋ ಮುಂಚೆ: ಹವ್ಯಾಸಿಗಳಿಗೆ ಹೊಸ ಎಡಿಟಿಂಗ್ ಸಾಫ್ಟ್‌ವೇರ್ ಬೇಕಾ?

(ಈ ಸಂಚಿಕೆಯ ಬರಹ ರೂಪ)

ಇವತ್ತು ಮಾತಾಡ್ತಿರೋದು ಯೂಟ್ಯೂಬ್‌ನಿಂದ ಹೊಟ್ಟೆ ಹೊರೆಯೋರ ಬಗ್ಗೆ ಅಲ್ಲ. ನಮ್ಮ ನಿಮ್ಮಂಥವರ ಬಗ್ಗೆ. ವಾರವಿಡೀ ಕೆಲಸ ಅಥವಾ ಕಾಲೇಜು, ಭಾನುವಾರ ಹಲಸೂರು ಕೆರೆ ದಂಡೇಲಿ ನಿಂತು ಹಕ್ಕಿ ಶೂಟ್ ಮಾಡೋದು, ತಂಗಿ ಮದುವೆ ಕ್ಲಿಪ್‌ಗಳನ್ನ ಜೋಡಿಸಿ ಮನೆಯವರಿಗೆ ತೋರಿಸೋದು. ದುಡ್ಡು ಬರಲ್ಲ, ಖುಷಿಗೆ ಮಾಡೋದು. ಹಿಂಗೆ ಮಾಡೋರಿಗೆ ಆಗಾಗ ಸ್ಕ್ರೀನ್ ಮೂಲೇಲಿ ಒಂದು ಡಬ್ಬಿ ಬರುತ್ತೆ: ಹೊಸ ಆವೃತ್ತಿ ಬಂದಿದೆ, ಈಗಲೇ ಅಪ್‌ಗ್ರೇಡ್ ಮಾಡಿ.

ಮಾಡಬೇಕಾ, ಬಿಡಬೇಕಾ? ಇವತ್ತಿನ ಪ್ರಶ್ನೆ ಇಷ್ಟೇ. ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ಹೆಚ್ಚಿನ ಸಲ ಬೇಡ, ಕೆಲವು ಸಲ ಖಂಡಿತ ಬೇಕು, ಆದ್ರೆ ಅರ್ಧ ಕೆಲಸ ಇರೋವಾಗ ಯಾವತ್ತೂ ಬೇಡ. ಈ ಕೊನೇದನ್ನ ನಾನು ಕಲಿತಿದ್ದು ಕೈ ಸುಟ್ಟುಕೊಂಡ ಮೇಲೆ.

ಮೊದಲು ನನ್ನ ಕಥೆ

ನಮ್ಮ ಮನೆ ಹಲಸೂರಲ್ಲಿ, ಸೋಮೇಶ್ವರ ದೇವಸ್ಥಾನಕ್ಕೆ ನಡೆದು ಹೋಗೋ ದೂರ. ಬೇಸಿಗೇಲಿ ಪಲ್ಲಕ್ಕಿ ಉತ್ಸವ ಇದ್ದಾಗ ರಾತ್ರಿಯೆಲ್ಲ ಹೂವಿನ ಪಲ್ಲಕ್ಕಿಗಳು ಸಾಲಾಗಿ ಬರ್ತವೆ. ನಾಲ್ಕು ವರ್ಷ ಅದನ್ನ ಶೂಟ್ ಮಾಡಿದ್ದೆ. ಪ್ರತಿ ಸಲವೂ ಪಕ್ಕದಲ್ಲಿ ತಾತ. ಯಾವ ಪಲ್ಲಕ್ಕಿ ಯಾವ ಬೀದೀದು, ಮುಂಚೆ ಹೆಂಗೆ ನಡೀತಿತ್ತು, ಎಲ್ಲಾ ಹೇಳ್ತಾ ಇರೋರು. ಅವರ ದನಿ ಕ್ಲಿಪ್‌ಗಳ ತುಂಬ ಇದೆ.

ತಾತ ಹೋದ್ರು. ವರ್ಷದ ತಿಥಿಗೆ ಎಲ್ಲ ಸೇರ್ತಾರೆ, ಆ ದಿನ ಹನ್ನೆರಡು ನಿಮಿಷದ ಒಂದು ಫಿಲ್ಮ್ ತೋರಿಸ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದ್ದೆ. ಕಟ್ ಮುಗಿದಿತ್ತು, ಕನ್ನಡ ಸಬ್‌ಟೈಟಲ್ ಹಾಕಿದ್ದೆ. ಎಕ್ಸ್‌ಪೋರ್ಟ್ ಮಾಡೋದೊಂದೇ ಬಾಕಿ. ತಿಥಿಗೆ ಎರಡು ದಿನ ಮುಂಚೆ, ರಾತ್ರಿ ಹನ್ನೊಂದು ಗಂಟೆಗೆ, ಆ ಡಬ್ಬಿ ಬಂತು. ಹೊಸ ಆವೃತ್ತೀಲಿ ಎಕ್ಸ್‌ಪೋರ್ಟ್ ಬೇಗ ಆಗುತ್ತೆ ಅಂತ ಬರೆದಿತ್ತು. ಒತ್ತಿಬಿಟ್ಟೆ.

ಹೊಸ ಸಾಫ್ಟ್‌ವೇರ್ ನನ್ನ ಪ್ರಾಜೆಕ್ಟನ್ನ ತನ್ನ ರೀತಿಗೆ ಬದಲಾಯಿಸಿಕೊಂಡು ತೆರೀತು. ನಾನು ಸಬ್‌ಟೈಟಲ್‌ಗೆ ಬಳಸಿದ್ದ ಹಳೇ ಟೂಲನ್ನೇ ಅವರು ತೆಗೆದುಬಿಟ್ಟಿದ್ರು, ಆ ಜಾಗದಲ್ಲೆಲ್ಲ ಖಾಲಿ. ನನ್ನ ಲ್ಯಾಪ್‌ಟಾಪ್‌ಗೆ 8 ಜಿಬಿ ರ್‍ಯಾಮ್, ಹೊಸದರ ಭಾರಕ್ಕೆ ಒಂದೊಂದು ಕಟ್‌ಗೂ ಅರ್ಧ ನಿಮಿಷ ನಿಂತುಬಿಡ್ತಿತ್ತು. ಸರಿ, ಹಳೇದನ್ನೇ ಮತ್ತೆ ಹಾಕಿದೆ. ಅದು ಹೇಳ್ತು: ಈ ಪ್ರಾಜೆಕ್ಟ್ ಹೊಸ ಆವೃತ್ತೀದು, ನನ್ನ ಕೈಲಿ ತೆರೆಯೋಕಾಗಲ್ಲ. ಪ್ರಾಜೆಕ್ಟ್‌ನ ಬೇರೆ ಪ್ರತಿ ಇಟ್ಕೊಂಡಿರ್ಲಿಲ್ಲ.

ಸಾಫ್ಟ್‌ವೇರ್ ಹೆಸರು ಹೇಳಲ್ಲ, ಯಾಕಂದ್ರೆ ತಪ್ಪು ನಂದೇ. ಆ ದಿನ ಏನಾಯ್ತು ಅನ್ನೋದನ್ನ ಕೊನೇಲಿ ಹೇಳ್ತೀನಿ.

ಅಪ್‌ಗ್ರೇಡ್ ಅಂದ್ರೆ ಮೂರು ಬೇರೆ ಬೇರೆ ಕೆಲಸ

ಒಂದೇ ಪದದಲ್ಲಿ ನಾವು ಮೂರು ವಿಷಯ ಕಲಸಿಬಿಡ್ತೀವಿ.

ಮೊದಲನೇದು ಸಣ್ಣ ಅಪ್‌ಡೇಟ್. ಇಪ್ಪತ್ತರಿಂದ ಇಪ್ಪತ್ತು ಪಾಯಿಂಟ್ ಒಂದಕ್ಕೆ ಹೋಗೋದು. ಇದರಲ್ಲಿ ಮುಖ್ಯವಾಗಿ ದೋಷ ಸರಿಪಡಿಸಿರ್ತಾರೆ. ಕೆಲಸ ಮಧ್ಯದಲ್ಲಿಲ್ಲ ಅಂದ್ರೆ ಹಾಕ್ಕೊಳ್ಳಿ.

ಎರಡನೇದು ದೊಡ್ಡ ಆವೃತ್ತಿ. ಪ್ರಾಜೆಕ್ಟ್ ಫೈಲ್‌ನ ಒಳ ರಚನೆನೇ ಬದಲಾಗಬಹುದು. ಹಳೇದು ಹೊಸದರಲ್ಲಿ ತೆರೆಯುತ್ತೆ, ಹೊಸದು ಹಳೇದರಲ್ಲಿ ಸಾಮಾನ್ಯವಾಗಿ ತೆರೆಯಲ್ಲ. ಒಂದೇ ಕಡೆ ಹೋಗೋ ರಸ್ತೆ ಇದು, ಯು ಟರ್ನ್ ಇಲ್ಲ.

ಮೂರನೇದು ಉಚಿತದಿಂದ ದುಡ್ಡಿನದಕ್ಕೆ, ಅಥವಾ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗೋದು. ಇದು ಮನೆ ಬದಲಾಯಿಸಿದ ಹಾಗೆ. ಸಾಮಾನೆಲ್ಲ ಹೊಸ ಮನೆಗೆ ಹಿಡಿಸೋದಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ 2011ರದ್ದು. ಆ ವರ್ಷ ಅಕ್ಟೋಬರ್ 20ಕ್ಕೆ ನಮ್ಮ ಮೆಟ್ರೋ ಮೊದಲ ಸಲ ಓಡ್ತು, ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿವರೆಗೆ. ಹಲಸೂರು, ಇಂದಿರಾನಗರ ಸ್ಟೇಷನ್‌ಗಳು ಅವತ್ತೇ ಶುರು ಆಗಿದ್ದು. ಅದೇ ವರ್ಷ ಜೂನ್‌ನಲ್ಲಿ ಆ್ಯಪಲ್ ಕಂಪನಿ ಫೈನಲ್ ಕಟ್ ಪ್ರೋ ಎಕ್ಸ್ ಬಿಟ್ಟಿತ್ತು. ಹಿಂದಿನ ಫೈನಲ್ ಕಟ್ ಪ್ರೋ 7ರ ಪ್ರಾಜೆಕ್ಟ್‌ಗಳನ್ನ ಅದು ತೆರೀತಾನೇ ಇರ್ಲಿಲ್ಲ. ಪ್ರಪಂಚದಾದ್ಯಂತ ಎಡಿಟರ್‌ಗಳು ರೇಗಾಡಿದ್ರು. ಮೆಟ್ರೋದ ಮೊದಲ ದಿನ ಶೂಟ್ ಮಾಡಿ, ಹಳೇ ಫೈನಲ್ ಕಟ್‌ನಲ್ಲಿ ಜೋಡಿಸಿ, ಬರೀ ಪ್ರಾಜೆಕ್ಟ್ ಫೈಲ್ ಇಟ್ಕೊಂಡೋರು ಯಾರಾದ್ರೂ ಇದ್ದಿದ್ರೆ, ಇವತ್ತಿನ ಮ್ಯಾಕ್‌ನಲ್ಲಿ ಆ ಸಾಫ್ಟ್‌ವೇರ್ ಓಡೋದೇ ಇಲ್ಲ. ಎಕ್ಸ್‌ಪೋರ್ಟ್ ಮಾಡಿದ ವಿಡಿಯೋ ಇಟ್ಕೊಂಡಿದ್ರೆ? ಇವತ್ತಿಗೂ ಫೋನಲ್ಲೇ ಓಡುತ್ತೆ.

ಬಾಡಿಗೆ ಲೆಕ್ಕ

ಈಗ ದುಡ್ಡಿನ ವಿಷಯ. ಅಡೋಬಿ ಕಂಪನಿ ಪ್ರೀಮಿಯರ್ ಪ್ರೋ ಅನ್ನೋ ಸಾಫ್ಟ್‌ವೇರನ್ನ ಒಂದು ಸಲ ದುಡ್ಡು ಕೊಟ್ರೆ ನಿಮ್ಮದೇ ಅನ್ನೋ ಹಾಗೆ ಮಾರ್ತಿತ್ತು. 2012ರ ಸಿಎಸ್ 6 ಅಂಥ ಕೊನೇ ಆವೃತ್ತಿ. 2013ರ ಮೇನಲ್ಲಿ ಇನ್ಮೇಲೆ ಚಂದಾ ಮಾತ್ರ ಅಂದ್ರು. ಅಲ್ಲಿಂದ ಅದು ಬಾಡಿಗೆ ಮನೆ. ಬಾಡಿಗೆ ಕಟ್ಟೋದು ನಿಲ್ಲಿಸಿದ್ರೆ ಬೀಗ.

ಅವರದ್ದೇ ಸಣ್ಣ ತಮ್ಮ ಪ್ರೀಮಿಯರ್ ಎಲಿಮೆಂಟ್ಸ್, ಹವ್ಯಾಸಿಗಳಿಗಾಗಿಯೇ ಮಾಡಿದ್ದು. ಅದಕ್ಕೆ ಒಂದೇ ಸಲ ದುಡ್ಡು. ಆದ್ರೆ 2025ರ ಆವೃತ್ತಿಯಿಂದ ಅದರ ಲೈಸೆನ್ಸ್ ಮೂರು ವರ್ಷಕ್ಕೆ ಮಾತ್ರ. ಅದಕ್ಕೇ ‘ಒಂದೇ ಸಲ’ ಅಂತ ಕಂಡಾಗ ಎಷ್ಟು ಕಾಲಕ್ಕೆ ಅಂತಾನೂ ಓದ್ಬೇಕು.

ಲೆಕ್ಕ ಹಾಕೋ ವಿಧಾನ ಸುಲಭ. ಚಂದಾ ತಿಂಗಳಿಗೆ ಸಾವಿರ ರೂಪಾಯಿ ಅಂತಿಟ್ಕೊಳ್ಳಿ. ವರ್ಷಕ್ಕೆ 12 ಸಾವಿರ, ಐದು ವರ್ಷಕ್ಕೆ 60 ಸಾವಿರ. ವರ್ಷಕ್ಕೆ ನೀವು ಮುಗಿಸೋ ವಿಡಿಯೋ ಎಷ್ಟು? ಶುರು ಮಾಡೋದಲ್ಲ, ಮುಗಿಸೋದು. ಆರು ಅಂದ್ರೆ ಒಂದೊಂದಕ್ಕೆ ಎರಡು ಸಾವಿರ ರೂಪಾಯಿ. ಆ ಬೆಲೆಗೆ ಒಪ್ಪಿಗೆ ಇದ್ರೆ ತಗೊಳ್ಳಿ, ತಪ್ಪೇನಿಲ್ಲ.

ಬೇರೆ ದಾರಿನೂ ಇದೆ. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯ ಡಾವಿಂಚಿ ರಿಸಾಲ್ವ್‌ಗೆ ಉಚಿತ ಆವೃತ್ತಿ ಇದೆ. ವಾಟರ್‌ಮಾರ್ಕ್ ಇಲ್ಲದೆ 4ಕೆ ತನಕ ಎಕ್ಸ್‌ಪೋರ್ಟ್ ಆಗುತ್ತೆ. ಸ್ಟುಡಿಯೋ ಅನ್ನೋ ಪೂರ್ತಿ ಆವೃತ್ತಿಗೆ 295 ಡಾಲರ್, ಒಂದೇ ಸಲ. ಇನ್ನು ಕೆಡೆನ್‌ಲೈವ್, ಶಾಟ್‌ಕಟ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಇಷ್ಟೆಲ್ಲ ಇರೋವಾಗ ಕ್ರ್ಯಾಕ್ ಮಾಡಿದ ಕಾಪಿ ಹುಡುಕ್ಕೊಂಡು ಹೋಗಿ, ಅದರ ಜೊತೆ ವೈರಸ್ ಮನೆಗೆ ತರೋದು ಬೇಕಾ ಹೇಳಿ?

ನಿಧಾನ ಆಗೋದು ಸಾಫ್ಟ್‌ವೇರ್ ತಪ್ಪಾ?

ಅಪ್‌ಗ್ರೇಡ್ ಮಾಡೋಕೆ ಎಲ್ಲರೂ ಹೇಳೋ ಮೊದಲ ಕಾರಣ ಇದು: ಬಹಳ ಸ್ಲೋ ಆಗಿದೆ.

ನನ್ನ ಲ್ಯಾಪ್‌ಟಾಪನ್ನ ಶಿವಾಜಿನಗರದ ಒಂದು ರಿಪೇರಿ ಅಂಗಡಿಗೆ ತಗೊಂಡು ಹೋಗಿದ್ದೆ. ಭಾಯ್ ಅದನ್ನ ಬಿಚ್ಚಿ ನೋಡಿ ನಕ್ಕರು. "ಸಾರ್, ಎತ್ತು ಮುದಿಯಾಗಿದೆ, ನೀವು ಗಾಡಿಗೆ ಬಣ್ಣ ಹೊಡೀತಾ ಇದ್ದೀರ" ಅಂದ್ರು. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 16 ಮಾಡಿದ್ರು. ಅದೇ ಹಳೇ ಸಾಫ್ಟ್‌ವೇರ್ ಓಡೋಕೆ ಶುರು ಮಾಡ್ತು.

ಯಾಕೆ ಅಂತ ಅರ್ಥ ಮಾಡ್ಕೊಳ್ಳೋಣ. ನಿಮ್ಮ ಫೋನ್ ವಿಡಿಯೋ ಉಳಿಸೋದು ಎಚ್.264 ಅಥವಾ ಎಚ್‌ಇವಿಸಿ ಅನ್ನೋ ವಿಧಾನದಲ್ಲಿ. ಜಾಗ ಉಳಿಸೋಕೆ ಅದು ಪ್ರತಿ ಫ್ರೇಮನ್ನೂ ಪೂರ್ತಿ ಬರೆಯಲ್ಲ. ಎಲ್ಲೋ ಒಂದು ಪೂರ್ತಿ ಚಿತ್ರ, ಆಮೇಲೆ ಬರೀ ಏನು ಬದಲಾಯ್ತು ಅನ್ನೋ ಲೆಕ್ಕ. ಸುಮ್ನೆ ನೋಡೋವಾಗ ತೊಂದ್ರೆ ಇಲ್ಲ. ಎಡಿಟ್ ಮಾಡೋವಾಗ ನೀವು ಹಿಂದೆ ಮುಂದೆ ಎಳೀತೀರ, ನಟ್ಟನಡುವೆ ನಿಲ್ಲಿಸ್ತೀರ. ಆಗ ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಅಲ್ಲಿಂದ ಲೆಕ್ಕ ಹಾಕ್ಕೊಂಡು ಬರ್ಬೇಕು.

ಅದರ ಮೇಲೆ 4ಕೆ. ಒಂದು 4ಕೆ ಫ್ರೇಮ್ ಅಂದ್ರೆ 3840 ಗುಣಿಸು 2160, ಸುಮಾರು 83 ಲಕ್ಷ ಪಿಕ್ಸೆಲ್. 1080ಪಿಯ ನಾಲ್ಕರಷ್ಟು, 720ಪಿಯ ಒಂಬತ್ತರಷ್ಟು.

ಇದಕ್ಕೆ ಔಷಧಿ ಪ್ರಾಕ್ಸಿ. ಪ್ರತಿ ಕ್ಲಿಪ್‌ಗೂ ಸಣ್ಣ ಸೈಜಿನ ನಕಲು ಮಾಡಿ ಅದರ ಮೇಲೆ ಎಡಿಟ್ ಮಾಡೋದು, ಎಕ್ಸ್‌ಪೋರ್ಟ್ ಮಾಡೋವಾಗ ಸಾಫ್ಟ್‌ವೇರೇ ಒರಿಜಿನಲ್ ತಗೊಳ್ಳುತ್ತೆ. ಕೆಡೆನ್‌ಲೈವ್, ಶಾಟ್‌ಕಟ್, ರಿಸಾಲ್ವ್, ಪ್ರೀಮಿಯರ್ ಎಲ್ಲದರಲ್ಲೂ ಈ ಸೌಲಭ್ಯ ಇದೆ. ಮೊದಲು ಇದನ್ನ ಆನ್ ಮಾಡಿ ನೋಡಿ. ಸ್ಲೋ ಅನ್ನೋ ಕಾರಣಕ್ಕೆ ಇನ್ನೂ ಭಾರದ ಹೊಸ ಆವೃತ್ತಿ ಹಾಕೋದು, ಹತ್ತೋಕೆ ಆಗದೆ ಇರೋ ಗಾಡಿಗೆ ಇನ್ನೆರಡು ಮೂಟೆ ಏರಿಸಿದ ಹಾಗೆ.

ಒತ್ತಕ್ಷರದ ಪರೀಕ್ಷೆ

ಈಗ ಕನ್ನಡದೋರಿಗೆ ಮಾತ್ರ ಇರೋ ಒಂದು ಕಾರಣ. ಅಮೆರಿಕದ ರಿವ್ಯೂಗಳಲ್ಲಿ ಇದು ಸಿಗಲ್ಲ.

ಹಳೇ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಟಲ್ ಹಾಕಿ ನೋಡಿದೋರಿಗೆ ಗೊತ್ತು: ಒತ್ತಕ್ಷರ ಕೆಳಗೆ ಹೋಗಲ್ಲ, ಪಕ್ಕದಲ್ಲೇ ಕೂತುಬಿಡುತ್ತೆ. ಯೂನಿಕೋಡ್‌ನಲ್ಲಿ ‘ಸ್ವಾ’ ಅನ್ನೋದು ಸ, ಹಲಂತ, ವ, ಆಮೇಲೆ ದೀರ್ಘ ಅಂತ ಸಾಲಾಗಿ ಇರುತ್ತೆ. ಅದನ್ನ ಸರಿಯಾದ ಆಕಾರಕ್ಕೆ ಕೂರಿಸೋದು ಸಾಫ್ಟ್‌ವೇರ್ ಕೆಲಸ. ‘ಅರ್ಧ’ದಲ್ಲಿ ಇನ್ನೂ ಕಷ್ಟ: ರ ಮೊದಲು ಬರುತ್ತೆ, ಕಣ್ಣಿಗೆ ಕಾಣೋ ಅರ್ಕಾವತ್ತು ಧ ಆದಮೇಲೆ. ಈ ಕೆಲಸ ಬರದ ಸಾಫ್ಟ್‌ವೇರ್‌ಗಳಿಂದಾಗಿಯೇ ನಮ್ಮ ಎಷ್ಟೋ ಎಡಿಟರ್‌ಗಳು ನುಡಿ, ಬರಹ ಕಾಲದ ಹಳೇ ಆಸ್ಕಿ ಫಾಂಟ್‌ಗಳನ್ನೇ ಹಿಡ್ಕೊಂಡಿದ್ದು.

ಪರೀಕ್ಷೆ ಹಿಂಗೆ ಮಾಡಿ. ನೇರಳೆ ಮಾರ್ಗದ ಎರಡು ಸ್ಟೇಷನ್ ಹೆಸರು ಟೈಪ್ ಮಾಡಿ: ‘ಸ್ವಾಮಿ ವಿವೇಕಾನಂದ ರಸ್ತೆ’, ‘ಕೃಷ್ಣರಾಜಪುರ’. ಜೊತೆಗೆ ‘ಸ್ತ್ರೀ’, ‘ಅರ್ಧ’. ನಾಲ್ಕೂ ಸರಿಯಾಗಿ ಬಂದ್ರೆ ನಿಮ್ಮ ಸಾಫ್ಟ್‌ವೇರ್ ಕನ್ನಡಕ್ಕೆ ಸಾಕು. ಬರದಿದ್ರೆ ಮೊದಲು ಸೆಟ್ಟಿಂಗ್ ನೋಡಿ. ಪ್ರೀಮಿಯರ್‌ನ ಹೊಸ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಲಿಪಿಗಳಿಗೆ ಅಂತಾನೇ ಆಯ್ಕೆ ಇದೆ. ಅದನ್ನ ಹಾಕದೆ ಸಾಫ್ಟ್‌ವೇರನ್ನ ಬೈತಾ ಇರೋರು ಬೇಕಾದಷ್ಟಿದ್ದಾರೆ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಎಲ್ಲವೂ ಉಚಿತ.

ಸೆಟ್ಟಿಂಗೂ ಇಲ್ಲ, ಒತ್ತಕ್ಷರವೂ ಒಡೀತಿದೆ ಅಂದ್ರೆ, ಅದು ಅಪ್‌ಗ್ರೇಡ್ ಮಾಡೋಕೆ ನಿಜವಾದ ಕಾರಣ. ನಮ್ಮ ಭಾಷೆನ ತಪ್ಪಾಗಿ ತೋರಿಸೋ ಸಾಫ್ಟ್‌ವೇರ್ ಎಷ್ಟು ಅಗ್ಗ ಆದ್ರೂ ದುಬಾರಿನೇ.

ಮೂರು ಜನ, ಮೂರು ಉತ್ತರ

ಕೆ.ಆರ್. ಪುರದಲ್ಲಿರೋ ನಮ್ಮಕ್ಕ ರಂಗೋಲಿ ವಿಡಿಯೋ ಮಾಡ್ತಾಳೆ. ಒಂದು ನಿಮಿಷದ್ದು, ಫೋನಲ್ಲೇ ಶೂಟ್, ಫೋನಲ್ಲೇ ಎಡಿಟ್. ಯಾರೋ ಹೇಳಿದ್ರು ಅಂತ ವರ್ಷದ ಚಂದಾ ಕಟ್ಟೋಕೆ ಹೊರಟಿದ್ಲು. ನಾನು ಕೇಳಿದೆ: ಅಕ್ಕಾ, ಈಗಿರೋದ್ರಲ್ಲಿ ಏನು ಆಗ್ತಿಲ್ಲ? ಸ್ವಲ್ಪ ಹೊತ್ತು ಯೋಚನೆ ಮಾಡಿ, "ಎಲ್ಲಾ ಆಗ್ತಿದೆ ಕಣೋ" ಅಂದ್ಲು. ಅಪ್‌ಗ್ರೇಡ್ ಬೇಡ.

ಶಿವಾಜಿನಗರದ ನನ್ನ ಗೆಳೆಯನ ಕಥೆ ಬೇರೆ. ಸೆಪ್ಟೆಂಬರ್ 8ರ ಸೇಂಟ್ ಮೇರಿ ಬೆಸಿಲಿಕಾ ಹಬ್ಬದ ತೇರನ್ನ ಅವನು ಪ್ರತಿ ವರ್ಷ ಶೂಟ್ ಮಾಡ್ತಾನೆ. ಕತ್ತಲಾದ ಮೇಲೆ ತೆಗೆದಿದ್ದೆಲ್ಲ ಕಾಳು ಕಾಳಾಗಿ ಬರೋದು. ರಿಸಾಲ್ವ್‌ನ ಉಚಿತ ಆವೃತ್ತೀಲಿ ಅದನ್ನ ಸರಿ ಮಾಡೋ ನಾಯ್ಸ್ ರಿಡಕ್ಷನ್ ಇಲ್ಲ, ಸ್ಟುಡಿಯೋದಲ್ಲಿದೆ. ಎರಡು ವರ್ಷ ಉಚಿತದಲ್ಲೇ ಕಲಿತ. ಆಮೇಲೆ ದುಡ್ಡು ಕೂಡಿಟ್ಟು ತಗೊಂಡ. ಅವನಿಗೆ ಬೇಕಿತ್ತು, ಯಾಕೆ ಬೇಕು ಅಂತಾನೂ ಗೊತ್ತಿತ್ತು.

ಮೂರನೇದು ನಾನು. ಪ್ರೋಗ್ರಾಂ ಸರಿ ಇದೆ, ಆದ್ರೆ ಕಾಲ ಬದಲಾಗ್ತಿದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಐಫೋನ್ 2017ರಿಂದ ಎಚ್‌ಇವಿಸಿಯಲ್ಲಿ ರೆಕಾರ್ಡ್ ಮಾಡುತ್ತೆ, ತೀರ ಹಳೇ ಎಡಿಟರ್‌ಗಳು ಅದನ್ನ ಓದಲ್ಲ. ಇದಕ್ಕೆ ತಾತ್ಕಾಲಿಕ ದಾರಿ ಇದೆ: ಐಫೋನ್ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ, ಇಲ್ಲಾಂದ್ರೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಪ್ರೋಗ್ರಾಂನಲ್ಲಿ ಪರಿವರ್ತಿಸಿ. ಫೋನ್ ವಿಡಿಯೋದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗ್ತಿದ್ರೂ ಅದೇ ಹ್ಯಾಂಡ್‌ಬ್ರೇಕ್‌ನಲ್ಲಿ ಫ್ರೇಮ್ ರೇಟ್ ಕಾನ್‌ಸ್ಟಂಟ್ ಅಂತ ಇಟ್ರೆ ಬಹಳಷ್ಟು ಸಲ ಸರಿಹೋಗುತ್ತೆ. ಆದ್ರೆ ಪ್ರತಿ ಸಲವೂ ಇದನ್ನೇ ಮಾಡ್ಬೇಕು ಅನ್ನೋ ಹೊತ್ತಿಗೆ ಅಪ್‌ಗ್ರೇಡ್ ಸಮಯ ಬಂತು ಅಂತ ತಿಳ್ಕೊಳ್ಳಿ. ನನಗೆ ಈ ವರ್ಷ ಬಂತು.

ಫೋನ್ ಆ್ಯಪ್‌ಗಳ ವಿಷಯ

ಉಚಿತ ಅಂದ್ರೆ ಶಾಶ್ವತ ಅಲ್ಲ. ವಿಂಡೋಸ್ ಮೂವಿ ಮೇಕರ್ ನೆನಪಿದೆಯಾ? 2000ದಲ್ಲಿ ಬಂದಿದ್ದು, 2017ರ ಜನವರೀಲಿ ಮೈಕ್ರೋಸಾಫ್ಟ್ ಡೌನ್‌ಲೋಡ್ ನಿಲ್ಲಿಸ್ತು. 2021ರಲ್ಲಿ ಅವರು ಕ್ಲಿಪ್‌ಚಾಂಪ್ ಕೊಂಡ್ಕೊಂಡ್ರು, ಈಗ ವಿಂಡೋಸ್ 11 ಜೊತೆ ಬರೋದು ಅದು. 2020ರ ಜೂನ್ 29ಕ್ಕೆ ಸರ್ಕಾರ 59 ಆ್ಯಪ್‌ಗಳನ್ನ ನಿಷೇಧಿಸಿದಾಗ ಟಿಕ್‌ಟಾಕ್ ಜೊತೆ ವಿವಾವಿಡಿಯೋ ಅನ್ನೋ ಎಡಿಟಿಂಗ್ ಆ್ಯಪೂ ಹೋಯ್ತು. 2025ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂ ಎಡಿಟ್ಸ್ ಅಂತ ಹೊಸದು ತಂದ್ರು. ನಾಳೆ ಇನ್ಯಾವುದೋ.

ಅದಕ್ಕೇ ಫೋನ್‌ನಲ್ಲಿ ಎಡಿಟ್ ಮಾಡೋರಿಗೆ ಒಂದೇ ಮಾತು: ಡ್ರಾಫ್ಟ್ ಅನ್ನೋದನ್ನ ನಂಬಬೇಡಿ. ಎಷ್ಟೋ ಆ್ಯಪ್‌ಗಳಲ್ಲಿ ಅನ್‌ಇನ್‌ಸ್ಟಾಲ್ ಮಾಡಿದ್ರೆ ಡ್ರಾಫ್ಟೂ ಜೊತೆಗೇ ಹೋಗುತ್ತೆ. ಮುಗಿದಿದ್ದನ್ನ ಗ್ಯಾಲರಿಗೆ ಉಳಿಸಿ, ಅಲ್ಲಿಂದ ಇನ್ನೊಂದು ಕಡೆಗೂ ಹಾಕಿ.

ಒತ್ತಲೇಬೇಕು ಅಂದ್ರೆ

ಅಪ್‌ಗ್ರೇಡ್ ಮಾಡ್ತೀನಿ ಅಂತ ತೀರ್ಮಾನ ಮಾಡಿದ್ರೆ ಈ ಕ್ರಮದಲ್ಲಿ ಮಾಡಿ.

ಕೈಲಿರೋ ಕೆಲಸ ಮುಗಿಸಿ. ನಾಳೆ ಯಾರಿಗೋ ಕೊಡೋದಿದ್ರೆ ಇವತ್ತು ಮುಟ್ಟಬೇಡಿ.

ಮುಗಿದ ಎಲ್ಲ ವಿಡಿಯೋಗಳನ್ನ ಒಳ್ಳೇ ಗುಣಮಟ್ಟದಲ್ಲಿ ಒಂದು ಸಲ ಎಕ್ಸ್‌ಪೋರ್ಟ್ ಮಾಡಿ. ಸಬ್‌ಟೈಟಲ್ ಇದ್ರೆ ಎಸ್‌ಆರ್‌ಟಿ ಫೈಲ್ ಆಗಿ ಬೇರೆ ಉಳಿಸಿ. ಅದು ಬರೀ ಅಕ್ಷರ, ಯಾವ ಸಾಫ್ಟ್‌ವೇರಾದ್ರೂ ಓದುತ್ತೆ.

ಪ್ರಾಜೆಕ್ಟ್ ಫೈಲ್‌ಗಳ ಪ್ರತಿ ತೆಗೆದು ಬೇರೆ ಡ್ರೈವ್‌ಗೆ ಹಾಕಿ. ರಿಸಾಲ್ವ್ ಪ್ರಾಜೆಕ್ಟ್‌ಗಳನ್ನ ಡೇಟಾಬೇಸ್‌ನಲ್ಲಿ ಇಡುತ್ತೆ, ಅದಕ್ಕೆ ಬೇರೆಯಾಗಿ ಬ್ಯಾಕಪ್ ಮಾಡೋ ಆಯ್ಕೆ ಇದೆ, ಅದನ್ನ ಬಳಸಿ.

ಹಳೇ ಆವೃತ್ತಿಯ ಇನ್‌ಸ್ಟಾಲರ್ ಇಟ್ಕೊಳ್ಳಿ. ಪ್ರೀಮಿಯರ್‌ನಲ್ಲಿ ಹಳೇದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಕೋಬಹುದು.

ಹೊಸದನ್ನ ಹಾಕಿದ ಮೇಲೆ ಮೊದಲು ತೆರೆಯೋದು ಪ್ರತಿಯನ್ನ, ಮೂಲವನ್ನಲ್ಲ. ಸ್ಟೇಷನ್ ಹೆಸರಿನ ಪರೀಕ್ಷೆ ಮಾಡಿ, ಹತ್ತು ಸೆಕೆಂಡ್ ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಮುಂದೆ ಹೋಗಿ.

ಎಲ್ಲಕ್ಕಿಂತ ಮುಖ್ಯ, ಕ್ಯಾಮೆರಾದಿಂದ ಬಂದ ಮೂಲ ಕ್ಲಿಪ್‌ಗಳು. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಮನೆಯಿಂದ ಹೊರಗೆ. ನಂದು ಒಂದು ಪ್ರತಿ ಈಗ ಕೆ.ಆರ್. ಪುರದಲ್ಲಿ ಅಕ್ಕನ ಬೀರುವಿನಲ್ಲಿದೆ.

ತಿಥಿ ದಿನ

ಸರಿ, ಆ ದಿನದ ಕಥೆ ಮುಗಿಸ್ತೀನಿ. ಫಿಲ್ಮ್ ಇಲ್ಲ. ಊಟ ಆದಮೇಲೆ ಎಲ್ಲ ಹಾಲ್‌ನಲ್ಲಿ ಕೂತಿದ್ದಾರೆ. ಮಾವ ಕೇಳಿದ್ರು, "ಏನೋ, ಹಾಕ್ತೀಯೋ ಇಲ್ವೋ?" ಬೇರೆ ದಾರಿ ಇಲ್ದೆ ಮೂಲ ಕ್ಲಿಪ್‌ಗಳಿದ್ದ ಡ್ರೈವನ್ನ ಟಿವಿಗೆ ಚುಚ್ಚಿದೆ. ಟೈಟಲ್ ಇಲ್ಲ, ಸಂಗೀತ ಇಲ್ಲ, ಕಟ್ ಇಲ್ಲ.

ಮೂರನೇ ಕ್ಲಿಪ್‌ನಲ್ಲಿ ಪಲ್ಲಕ್ಕಿ ಹತ್ತಿರ ಬರುತ್ತೆ, ಕ್ಯಾಮೆರಾ ಅಲ್ಲಾಡುತ್ತೆ, ತಾತ ನನಗೆ ಗದರ್ತಾರೆ: "ಸಾಕು ಕಣೋ ಅದು, ಮೊದಲು ಕೈ ಮುಗಿ." ಆಮೇಲೆ ಬರೀ ನೆಲ ಕಾಣುತ್ತೆ, ನನ್ನ ಚಪ್ಪಲಿ ಕಾಣುತ್ತೆ. ಹನ್ನೆರಡು ನಿಮಿಷದ ಫಿಲ್ಮ್‌ನಲ್ಲಿ ನಾನು ಮೊದಲು ಕತ್ತರಿಸಿ ಬಿಸಾಕಿದ್ದೇ ಆ ತುಂಡನ್ನ.

ಅಜ್ಜಿ ಅದನ್ನ ನಾಲ್ಕು ಸಲ ಹಾಕಿಸಿದ್ರು.

ಫಿಲ್ಮನ್ನ ಆಮೇಲೆ ಮತ್ತೆ ಮೊದಲಿಂದ ಜೋಡಿಸಿದೆ, ಹಳೇ ಸಾಫ್ಟ್‌ವೇರ್‌ನಲ್ಲೇ. ಈಗ ಅದು ಹದಿಮೂರು ನಿಮಿಷ ಇದೆ.

ನಿಮ್ಮ ಸ್ಕ್ರೀನ್ ಮೂಲೇಲಿ ಆ ಡಬ್ಬಿ ಮತ್ತೆ ಬಂದಾಗ, ಈಗಿರೋದ್ರಲ್ಲಿ ಏನು ಆಗ್ತಿಲ್ಲ ಅಂತ ಒಂದು ಸಾಲು ಬರೆದು ನೋಡಿ. ಬರೆಯೋಕೆ ಆದ್ರೆ ಅಪ್‌ಗ್ರೇಡ್ ಮಾಡಿ. ಆಗದಿದ್ರೆ ‘ಆಮೇಲೆ’ ಒತ್ತಿ, ಡ್ರೈವ್ ಎಲ್ಲಿದೆ ಹುಡುಕಿ, ಇವತ್ತೇ ಬ್ಯಾಕಪ್ ತಗೊಳ್ಳಿ.